ಎಂಟನೆಯ ಚಿಲಕ

ನನ್ನ ಚಿಕ್ಕಮಾವ ತೀರಿಕೊಂಡಾಗ ಪತ್ರಿಕೆಯಲ್ಲಿ ಬಂದದ್ದು ಎರಡು ಸಾಲು ಮತ್ತು ಒಂದು ಫೋಟೋ. ಫೋಟೋ ಯಾವುದೋ ಗುರುತಿನ ಚೀಟಿಯದು, ಅದರಲ್ಲೂ ಎಡಗಿವಿ ಅರ್ಧ ಕತ್ತರಿಸಿಹೋಗಿತ್ತು. ಅದೇ ಪತ್ರಿಕೆಯ ಕೊನೇ ಪುಟಕ್ಕೆ ಮೂವತ್ತೊಂದು ವರ್ಷ ಊರವರ ಸಾವಿನ ಸುದ್ದಿ ಬರೆದವನು ಅವನು. ಸತ್ತ ಒಬ್ಬೊಬ್ಬರಿಗೂ ಒಂದು ಗೇಣು ಜಾಗ ಜಗಳವಾಡಿ ಗಿಟ್ಟಿಸಿಕೊಟ್ಟವನಿಗೆ ಕಡೆಗೆ ಸಿಕ್ಕಿದ್ದು ಎರಡು ಸಾಲು. ನನಗೆ ಮೈಯೆಲ್ಲ ಉರಿದುಹೋಯಿತು. ಫೋನ್ ಮಾಡಿ ಬೈದೆ ಕೂಡ. ಆ ಕಡೆ ಇದ್ದ ಹುಡುಗಿ, "ಮೇಡಂ, ಈಗ ಎಲ್ಲರಿಗೂ ಇಷ್ಟೇ," ಅಂದಳು. ಪಾಪ, ಅವಳದೇನು ತಪ್ಪು. ಅದಕ್ಕೇ ಮಿಕ್ಕದ್ದನ್ನು ನಾನು ಬರೆಯುತ್ತಿದ್ದೇನೆ.

ನಮ್ಮ ತಾತನಿಗೆ ಮೂವರು ಮಕ್ಕಳು. ಮೊದಲು ದೊಡ್ಡಮಾವ, ಎರಡು ವರ್ಷಕ್ಕೆ ನನ್ನಮ್ಮ, ಮತ್ತೆರಡು ವರ್ಷಕ್ಕೆ ಚಿಕ್ಕಮಾವ. ಚಿಕ್ಕಮಾವ ಮದುವೆಯಾಗಲಿಲ್ಲ, ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲೇ ಇದ್ದುಬಿಟ್ಟ. ಪತ್ರಿಕೆ ಆಫೀಸಿನಲ್ಲಿ ಅವನಿಗೆ ಕೊನೇಪುಟ ಅಂತಲೇ ಅಡ್ಡಹೆಸರು. ಯಾರ ಮನೆಯಲ್ಲಾದರೂ ಅಜ್ಜನಿಗೆ ನೆಗಡಿ ಆಗಿದ್ದರೆ, ಇವನು ಬೀದಿಯಲ್ಲಿ ಬರುವುದು ಕಂಡು ಕಿಟಕಿ ಮುಚ್ಚಿಕೊಳ್ಳುತ್ತಿದ್ದರಂತೆ. "ನಾನು ಕರ್ಕೊಂಡು ಹೋಗೋನಲ್ಲಮ್ಮ, ಹೋದಮೇಲೆ ಬರೋನು," ಅಂತ ಅವರಿಗೇ ಸಮಾಧಾನ ಹೇಳಿ ಬರುತ್ತಿದ್ದ.

ಸಾವಿನ ಮನೆಗೆ ಹೋದರೆ ಅವನು ಹುದ್ದೆ, ಡಿಗ್ರಿ, ಸನ್ಮಾನ ಇವನ್ನೆಲ್ಲ ಕೇಳುತ್ತಿರಲಿಲ್ಲ. ಕೇಳದೆಯೇ ಅವರು ಹೇಳುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಅವನು ಕೇಳುತ್ತಿದ್ದದ್ದು ಮೂರೇ ಪ್ರಶ್ನೆ. ಮನೆಯಿಂದ ಹೊರಡುವಾಗ ಏನು ಮರೆಯುತ್ತಿದ್ದರು? ಯಾವ ಶಬ್ದ ಕೇಳಿದರೆ ಅವರು ಬಂದರು ಅಂತ ನಿಮಗೆ ಗೊತ್ತಾಗುತ್ತಿತ್ತು? ಯಾವುದಕ್ಕೆ ಹೆದರುತ್ತಿದ್ದರು? ಅತ್ತು ಅತ್ತು ಸುಸ್ತಾಗಿ ಗೋಡೆಗೆ ಒರಗಿದ್ದ ಹೆಂಡತಿಯೋ ಮಗಳೋ ಮೊದಲನೆಯ ಪ್ರಶ್ನೆಗೇ ನಕ್ಕುಬಿಡುತ್ತಿದ್ದರಂತೆ. ಕನ್ನಡಕ, ಇನ್ನೇನು! ದಿನಾ ಗೇಟಿನ ತನಕ ಹೋಗಿ ವಾಪಸ್ ಬರೋರು! ಅಲ್ಲಿಂದ ಮಾತು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಮೊದಲೆರಡು ಪ್ರಶ್ನೆಗಳ ಉತ್ತರ ಮಾತ್ರ ಅಚ್ಚಾಗುತ್ತಿತ್ತು. ಮೂರನೆಯದು ಅವನ ನೀಲಿ ರಟ್ಟಿನ ನೋಟ್‌ಬುಕ್ಕಿಗೆ ಹೋಗುತ್ತಿತ್ತು.

ಅವನಿಗೆ ಅರವತ್ಮೂರಾದಾಗ ಪತ್ರಿಕೆಯವರು ಆ ಅಂಕಣವನ್ನು ಕಿತ್ತುಹಾಕಿದರು. ಮೂವತ್ತೊಂದು ವರ್ಷದ ನೋಟ್‌ಬುಕ್ಕುಗಳನ್ನು ಎರಡು ಚೀಲದಲ್ಲಿ ತುಂಬಿಕೊಂಡು ಮನೆಗೆ ಬಂದ. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಅಮ್ಮನ ಅಡುಗೆಮನೆಗೆ ಬಂದು ನಿಲ್ಲುವುದು, ಡಬ್ಬಿಗಳಿಗೆ ಚೀಟಿ ಅಂಟಿಸುವುದು. ಉಪ್ಪಿನ ಡಬ್ಬಿಯ ಮೇಲೆ "ಉಪ್ಪು" ಅಂತ ಬರೆದು ಅಂಟಿಸಿದ ದಿನ ಅಮ್ಮ ನನ್ನ ಕಡೆ ತಿರುಗಿ, "ಇವನನ್ನ ಎಲ್ಲಾದರೂ ಕರ್ಕೊಂಡು ಹೋಗೇ, ನನ್ನ ತಲೆ ಚಿಟ್ಟು ಹಿಡೀತಿದೆ," ಅಂದಳು.

ನಾನು ಕೆಲಸ ಮಾಡುತ್ತಿದ್ದದ್ದು ಒಂದು ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ನಾವು ನಾಲ್ಕೇ ಜನ ಸೇರಿ ಕಂಪ್ಯೂಟರಿನಲ್ಲಿ ಆಡುವ ಒಂದು ಹಾರರ್ ಗೇಮ್ ಮಾಡುತ್ತಿದ್ದೆವು. ರಕ್ತ, ಕೋರೆಹಲ್ಲು ಏನೂ ಇಲ್ಲದ, ಮನಸ್ಸಿನೊಳಗೇ ಹೆದರಿಸುವಂಥದ್ದು. ಆಡುವವನು ಒಂದು ಖಾಲಿ ಮನೆಯೊಳಗೆ ಬರುತ್ತಾನೆ. ಕೋಣೆಕೋಣೆಯಲ್ಲಿ ಆ ಮನೆಯವರ ಬಗ್ಗೆ ಬರೆದ ಒಂದೊಂದು ಕಾರ್ಡ್ ಸಿಗುತ್ತದೆ. ಆ ಕಾರ್ಡುಗಳನ್ನು ಓದಿ ಓದಿ ಅಲ್ಲಿ ಏನು ನಡೆದಿತ್ತು ಎಂದು ತಿಳಿದುಕೊಂಡರೆ ಮಾತ್ರ ಹೊರಗೆ ಬರಬಹುದು. ಕೋಣೆಗಳ ಚಿತ್ರ ಬಿಡಿಸುವುದು ನನ್ನ ಕೆಲಸ. ಎಲ್ಲದಕ್ಕೂ ಯಜಮಾನ ಇಪ್ಪತ್ತೊಂಬತ್ತು ವರ್ಷದ ಒಬ್ಬ ಹುಡುಗ. ಕೂತಲ್ಲಿಂದಲೇ ಅಪ್ಪಣೆ ಕೊಡಿಸುತ್ತಿದ್ದುದರಿಂದ ನಾವು ಅವನನ್ನು ದೊರೆ ಅಂತ ಕರೆಯುತ್ತಿದ್ದೆವು. ಪಾತ್ರಗಳ ಹಿನ್ನೆಲೆಯನ್ನು ದೊರೆಯೇ ಬರೆದಿದ್ದ. ತಂದೆ: ಕ್ರೂರಿ, ಕುಡುಕ. ತಾಯಿ: ದುಃಖಿ. ಮಗ: ಹುಚ್ಚ.

ನಾನು ಕರೆದುಕೊಂಡು ಹೋದ ದಿನ ಚಿಕ್ಕಮಾವ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಅವನ್ನು ಓದಿದ. ಕಾಗದವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. "ಇವರ್ಯಾರೂ ಒಂದು ದಿನಾನೂ ಬದುಕೇ ಇಲ್ವಲ್ಲಪ್ಪ. ಬದುಕದೇ ಇರೋರು ಸತ್ತು ದೆವ್ವ ಆಗೋದು ಹೇಗೆ?" ಅಂದ.

ದೊರೆಯ ಮುಖ ಸಪ್ಪಗಾಯಿತು. ಆದರೆ ಹುಡುಗ ಒಳ್ಳೆಯವನು. "ಹಂಗಾದ್ರೆ ನೀವೇ ಬರೀರಿ ಅಂಕಲ್," ಅಂದ.

ಅವತ್ತಿನಿಂದ ಚಿಕ್ಕಮಾವ ಬೆಳಿಗ್ಗೆ ಒಂಬತ್ತೂವರೆಗೆ ಟೀ ಫ್ಲಾಸ್ಕ್ ಹಿಡಿದು ನನ್ನ ಜೊತೆ ಹೊರಡತೊಡಗಿದ. ಕಿಟಕಿ ಪಕ್ಕದ ಮೇಜು ಅವನದಾಯಿತು. ಅವನಿಗೆ ಕಂಪ್ಯೂಟರ್ ಬೇಡ, ರಟ್ಟಿನ ಕಾರ್ಡು ಮತ್ತು ಶಾಯಿ ಪೆನ್ನು ಸಾಕು. ನೀಲಿ ನೋಟ್‌ಬುಕ್ಕುಗಳ ಮೂರನೆಯ ಉತ್ತರಗಳನ್ನೆಲ್ಲ ಹರಡಿಕೊಂಡು ಕೂತ. ಯಾರ ಗುರುತೂ ಸಿಗದ ಹಾಗೆ ಅದಲುಬದಲು ಮಾಡಿ ನಮಗೆ ಓದಿ ಹೇಳುತ್ತಿದ್ದ. ಊರಿಗೇ ಗಂಡಾಳಾಗಿದ್ದ ಒಬ್ಬ ಪೈಲ್ವಾನ ಕ್ಷೌರದಂಗಡಿಯಲ್ಲಿ ಕಣ್ಣು ಮುಚ್ಚಲು ಹೆದರುತ್ತಿದ್ದನಂತೆ. ಒಬ್ಬ ಹೆಡ್‌ಮೇಡಂ ಫೋನ್ ಎರಡು ಸಲ ರಿಂಗಾಗಿ ನಿಂತರೆ ಬೆವೆತುಹೋಗುತ್ತಿದ್ದರಂತೆ. ಒಬ್ಬ ಮುದುಕಿ ತನ್ನದೇ ಮದುವೆಯ ಫೋಟೋ ಇದ್ದ ಗೋಡೆಯ ಕಡೆ ಬೆನ್ನು ಹಾಕಿಯೇ ಊಟ ಮಾಡುತ್ತಿದ್ದಳಂತೆ. "ದೊಡ್ಡ ದೊಡ್ಡ ವಿಷಯಕ್ಕೆ ಯಾರೂ ಹೆದರಲ್ಲ. ಹೆದರೋದೆಲ್ಲ ಇಷ್ಟಿಷ್ಟಕ್ಕೇ," ಅಂತ ಬೆರಳ ತುದಿ ತೋರಿಸುತ್ತಿದ್ದ. ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು.

ಅವನು ಕಾರ್ಡು ಬರೆಯುವುದು, ನಾನು ಅದಕ್ಕೆ ತಕ್ಕಂತೆ ಕೋಣೆ ಬಿಡಿಸುವುದು. ಬಿಡಿಸಿದ್ದನ್ನು ಹಿಂದೆ ನಿಂತು ನೋಡಿ ಒಂದೊಂದೇ ತಿದ್ದುತ್ತಿದ್ದ. ಕಿಟಕಿ ಇನ್ನಷ್ಟು ಎಡಕ್ಕೆ. ಮೆಟ್ಟಿಲು ಸಿಮೆಂಟಿನದಲ್ಲ, ಕಲ್ಲಿನದು, ಮೂರನೆಯದು ನಡುವೆ ಸವೆದಿದೆ. ಬೀದಿಯ ಕಡೆ ಒಂದು ಚಿಕ್ಕ ಅಂಗಡಿ, ಅದರ ಗಾಜಿನ ಹಿಂದೆ ಬಿಚ್ಚಿಟ್ಟ ಗಡಿಯಾರಗಳು. ನಾನು ಹೇಳಿದ ಹಾಗೆ ಬಿಡಿಸುತ್ತ ಹೋದೆ. ಹದಿನೈದು ದಿನ ಆದಮೇಲೆ ಸ್ಕ್ರೀನ್ ನೋಡುತ್ತಿದ್ದವಳಿಗೆ ತಟ್ಟನೆ ಹೊಳೆಯಿತು. ಅದು ತಾತನ ಮನೆ.

ತಾತ ಹೋದಾಗ ನನಗೆ ಆರು ವರ್ಷ. ಆ ಮನೆಯನ್ನು ಮಾರಿ, ಕೆಡವಿ, ಅಲ್ಲಿ ಬೇರೆ ಯಾರೋ ಬೇರೆ ಏನೋ ಕಟ್ಟಿದ್ದಾರೆ. ನನಗೆ ನೆನಪಿದ್ದದ್ದು ಗಡಿಯಾರದ ಎಣ್ಣೆಯ ವಾಸನೆ ಮತ್ತು ಬರಿಗಾಲಿಗೆ ತಂಪಾಗಿ ತಾಗುವ ಮೆಟ್ಟಿಲು, ಅಷ್ಟೇ. ಒಂದು ದಿನ ಅಮ್ಮನನ್ನು ಕರೆದುಕೊಂಡು ಬಂದು ತೋರಿಸಿದೆ. ಅವಳು ಸ್ಕ್ರೀನಿನ ಮೇಲೆ ಅಡುಗೆಮನೆಯ ಗೂಡನ್ನು ಬೆರಳಿನಿಂದ ಸವರಿದಳು. "ಇಲ್ಲಿ ನಾನು ಬಳಪ ಬಚ್ಚಿಡ್ತಿದ್ದೆ," ಅಂದಳು. ಇಲ್ಲದ ಮನೆಯೊಂದು ಹೀಗೆ ಗೋಡೆಗೋಡೆಯಾಗಿ ಎದ್ದು ಬಂದಿತ್ತು. ಹೆದರಿಸುವ ಗೇಮ್ ಮಾಡಲು ಕೂತವರು ನಾವು, ಸರದಿಯ ಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದೆವು.

ತಾತ ಗಡಿಯಾರ, ಬೀಗ ರಿಪೇರಿ ಮಾಡುತ್ತಿದ್ದ. ಮಾತು ಕಡಿಮೆ, ಕೂಗುವುದಂತೂ ಗೊತ್ತೇ ಇಲ್ಲ. ಬೀಗದವನಾದ್ದರಿಂದಲೋ ಏನೋ, ಯಾವ ಬಾಗಿಲನ್ನೂ ನಂಬುತ್ತಿರಲಿಲ್ಲ. ಸಂಜೆ ಅಂಗಡಿ ಮುಚ್ಚಿದ ಮೇಲೆ ಮನೆಯೆಲ್ಲ ಒಂದು ಸುತ್ತು. ಜನ ಇಲ್ಲದ ಒಂದೊಂದು ಕೋಣೆಗೂ ಹೊರಗಿನಿಂದ ಚಿಲಕ. ಕುಟಕ್, ಕುಟಕ್, ಕುಟಕ್. ಮನೆ ಬಿಟ್ಟು ಎಲ್ಲಿಗಾದರೂ ಹೊರಟರೂ ಅದೇ ಸುತ್ತು. ಒಟ್ಟು ಏಳು ಕೋಣೆ, ಎಂಟನೆಯದು ಮೆಟ್ಟಿಲ ಕೆಳಗಿನ ಸಾಮಾನು ಕೋಣೆ. ಅಜ್ಜಿ ಗೇಲಿ ಮಾಡುತ್ತಿದ್ದಳಂತೆ, "ಕಳ್ಳ ಬಂದ್ರೆ ಬಾಗಿಲು ತೆಗೆದು ತೆಗೆದು ಸುಸ್ತಾಗಿ, ನೀರು ಕೇಳಿ ಕುಡಿದು ಹೋಗ್ತಾನೆ" ಅಂತ. ಆ ಚಿಲಕಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಅಮ್ಮನ ಹತ್ತಿರವೇ ಇದ್ದವು. ನಾನು ಒಂದನ್ನು ಹಲಗೆಗೆ ಬಿಗಿದು, ಎಳೆದಾಡಿ, ಆ ಶಬ್ದವನ್ನು ರೆಕಾರ್ಡ್ ಮಾಡಿ ದೊರೆಗೆ ಕೊಟ್ಟೆ.

ದೊರೆ ಕುಣಿದಾಡಿಬಿಟ್ಟ. ಗೇಮ್‌ಗೆ ದೆವ್ವ ಸಿಕ್ಕಿತು ಅಂದ. ಕಣ್ಣಿಗೆ ಕಾಣುವುದೇ ಇಲ್ಲ, ಬರೀ ಶಬ್ದ. ಆಡುವವನು ಮೆಟ್ಟಿಲ ಕೆಳಗೆ ಕತ್ತಲಲ್ಲಿ ಅಡಗಿ ಕೂತಿರುತ್ತಾನೆ, ದೂರದ ಕೋಣೆಯಲ್ಲಿ ಕುಟಕ್. ಆಮೇಲೆ ಅದರ ಪಕ್ಕದಲ್ಲಿ ಕುಟಕ್. ಹತ್ತಿರ ಹತ್ತಿರ ಬರುತ್ತದೆ. ಆಡಿ ನೋಡಲು ಬಂದ ದೊರೆಯ ಗೆಳೆಯ, ಆರಡಿ ಆಳು, ಐದನೆಯ ಕುಟಕ್‌ಗೆ ಹೆಡ್‌ಫೋನ್ ಕಿತ್ತೆಸೆದು ನೀರು ಕೇಳಿದ.

"ಅಂಕಲ್, ಇನ್ನು ತಂದೆಯ ಕಾರ್ಡ್ ಒಂದೇ ಬಾಕಿ. ಮಗನನ್ನ ಕೂಡಿಹಾಕಿದ ತಂದೆ. ಯಾಕೆ ಕೂಡಿಹಾಕಿದ ಅಂತ ನೀವು ಬರೆದ್ರೆ ಮುಗೀತು," ಅಂದ ದೊರೆ.

ಅಲ್ಲಿಗೆ ಚಿಕ್ಕಮಾವನ ಪೆನ್ನು ನಿಂತುಹೋಯಿತು. ತಾಯಿ, ಮಗ, ಮಗಳು, ಬಾಡಿಗೆಯವರು, ಎಲ್ಲರ ಕಾರ್ಡನ್ನೂ ಮೂರು ವಾರದಲ್ಲಿ ಮುಗಿಸಿದವನು ಇದೊಂದಕ್ಕೆ ಇವತ್ತು ನಾಳೆ ಅನ್ನತೊಡಗಿದ. ಬರೆಯುವುದು, ಹರಿಯುವುದು. ಟೀ ಆರಿಹೋಗುತ್ತಿತ್ತು.

ಯಾಕೆಂದು ನನಗೆ ಗೊತ್ತು ಅಂದುಕೊಂಡಿದ್ದೆ. ಕೂಡಿಹಾಕಿದ ಕತೆ ನಮ್ಮ ಮನೆಯದೇ. ದೊಡ್ಡಮಾವನಿಗೆ ಹತ್ತು ವರ್ಷ ಇದ್ದಾಗ, ಮನೆಯವರೆಲ್ಲ ಪಕ್ಕದ ಬೀದಿಗೆ ಯಾರದೋ ಮದುವೆಗೆ ಹೋದರು. ಇವನು ಸ್ನೇಹಿತರ ಜೊತೆ ಮೊದಲೇ ಹೋಗಿದ್ದಾನೆ ಅಂದುಕೊಂಡರು. ಅವನು ಹೋಗಿರಲಿಲ್ಲ. ಕಣ್ಣಾಮುಚ್ಚಾಲೆ ಆಡುತ್ತ ಸಾಮಾನು ಕೋಣೆಯಲ್ಲಿ ಅಡಗಿದ್ದ. ಹೊರಗಿನಿಂದ ಚಿಲಕ ಬಿದ್ದಿತ್ತು. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಆರರವರೆಗೆ, ಕೂಗಿ ಕೂಗಿ ಗಂಟಲು ಬಿದ್ದುಹೋಗಿ, ಉಗುರು ಕಿತ್ತುಹೋಗಿ, ಆ ಕತ್ತಲಲ್ಲಿ. ಆಚೆ ತೆಗೆದಮೇಲೆ ಯಾರು ಚಿಲಕ ಹಾಕಿದ್ದು ಎಂಬ ಮಾತು ಬಂದಾಗ ತಾತ ತಲೆ ತಗ್ಗಿಸಿ, "ನಾನೇ ಹಾಕಿರ್ಬೇಕು. ಹೊರಡುವಾಗ ಸುತ್ತು ಹೋಗಿದ್ನಲ್ಲ. ಒಳಗೆ ನೋಡ್ಲಿಲ್ಲ," ಅಂದನಂತೆ. ಮಾರನೇ ದಿನ ಸ್ಕ್ರೂಡ್ರೈವರ್ ಹಿಡಿದು ಮನೆಯ ಒಳಗಿನ ಎಂಟೂ ಚಿಲಕಗಳನ್ನು ಬಿಚ್ಚಿ ಡಬ್ಬಿಗೆ ಹಾಕಿದ. ಸಂಜೆಯ ಸುತ್ತು ನಿಂತಿತು. ಆಮೇಲೆ ಆ ಮನೆಯಲ್ಲಿ ಸಂಜೆ ಆಗುವುದೇ ಗೊತ್ತಾಗುತ್ತಿರಲಿಲ್ಲ ಅನ್ನುತ್ತಾಳೆ ಅಮ್ಮ.

ದೊಡ್ಡಮಾವ ಅದನ್ನು ಮರೆಯಲಿಲ್ಲ, ಕ್ಷಮಿಸಲೂ ಇಲ್ಲ. ಹದಿನೇಳಕ್ಕೆ ಮನೆ ಬಿಟ್ಟು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆದ. ಕಂಬದ ತುದಿಯಲ್ಲಿ, ನಾಲ್ಕೂ ಕಡೆ ಬಯಲು ಇರುವ ಕೆಲಸ. ಮಲಗುವುದು ಜಗಲಿಯಲ್ಲಿ. ಬಚ್ಚಲಮನೆಯ ಬಾಗಿಲನ್ನೂ ಹಾಕುವುದಿಲ್ಲ, ಒಳಗಿದ್ದೇನೆ ಎಂದು ತಿಳಿಯಲಿ ಅಂತ ಜೋರಾಗಿ ಹಾಡುತ್ತಾನೆ. ಆ ಹಾಡು ಕೇಳಿದವರು ಬೀದಿಯ ಆ ತುದಿಗೂ ಬರುವುದಿಲ್ಲ, ಅದು ಬೇರೆ ಮಾತು. ಆದರೆ ಅಪ್ಪನ ಜೊತೆ ಮಾತಿಲ್ಲ. ತಾತ ಹೋದ ದಿನ ಬಂದವನು ಹೊಸಿಲು ದಾಟದೆ ಬೀದಿಯಲ್ಲೇ ನಿಂತು ಹೋದ. ತಾತ ಕಡೆಯ ಎಂಟು ದಿನವೂ ಕೇಳಿದ್ದು ಒಂದೇ ಮಾತು, "ದೊಡ್ಡೋನು ಬಂದ್ನಾ?"

ಈಗ ನಾವು ಆ ತಾತನನ್ನೇ ದೆವ್ವ ಮಾಡಿ, ಕಂಡ ಕಂಡವರ ಕಂಪ್ಯೂಟರಿನಲ್ಲಿ ಚಿಲಕ ಹಾಕುತ್ತ ಅಲೆಯಲು ಬಿಡುವವರಿದ್ದೆವು. ಚಿಕ್ಕಮಾವನಿಗೆ ಅದು ಕಷ್ಟ ಆಗುತ್ತಿದೆ ಅಂತ ನಾನು ತಿಳಿದಿದ್ದೆ. ಬಿಡುಗಡೆಗೆ ಆರು ವಾರ ಇತ್ತು. "ಬೇಡ ಅನ್ನಿಸಿದ್ರೆ ಹೇಳು ಮಾವ, ತಂದೆಯ ಪಾತ್ರಾನೇ ತೆಗೆಸಿಬಿಡ್ತೀನಿ," ಅಂದೆ.

"ತೆಗೆಯೋಕೆ ಆಗಲ್ಲ," ಅಂದ ಅವನು. ಕಾರ್ಡುಗಳನ್ನು ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿದ.

ಆಗಲೇ ನನಗೆ ಇನ್ನೊಂದು ಕಂಡದ್ದು. "ಮಾವ, ಈ ಮನೇಲಿ ಮಕ್ಕಳು ಇಬ್ಬರೇ ಇದಾರಲ್ಲ. ನೀನೆಲ್ಲಿ?"

"ಬರೆಯೋನು ಅದರಲ್ಲಿ ಬರಬಾರದು," ಅಂದ. ಮೂವತ್ತೊಂದು ವರ್ಷದ ಅಭ್ಯಾಸ ಇರಬೇಕು ಅಂತ ಸುಮ್ಮನಾದೆ. ಎಂಥ ಪೆದ್ದಿ ನಾನು.

ಅಷ್ಟರಲ್ಲಿ ಅಮ್ಮ ಸುಮ್ಮನಿರಲಾರದೆ ದೊಡ್ಡಮಾವನಿಗೆ ಫೋನ್ ಮಾಡಿ, ಮನೆ ಹಾಗೇ ಎದ್ದು ನಿಂತಿದೆ, ಬಂದು ನೋಡು ಅಂದುಬಿಟ್ಟಿದ್ದಳು. ಒಂದು ಮಂಗಳವಾರ ಹನ್ನೊಂದು ಗಂಟೆಗೆ ಅವನು ಬಂದ. ಅರವತ್ತೆಂಟು ವರ್ಷ, ಇನ್ನೂ ಕಂಬದ ಹಾಗೆ ನೇರ. ಬಾಗಿಲಿಗೆ ಒಂದು ಕುರ್ಚಿ ಅಡ್ಡ ಇಟ್ಟು, ಮುಚ್ಚಿಕೊಳ್ಳುವುದಿಲ್ಲ ಅಂತ ಎರಡು ಸಲ ಎಳೆದು ನೋಡಿ, ಆಮೇಲೆ ಕೂತ. ತಮ್ಮನ ಕಡೆ ನೋಡಿ, "ಏನೋ ಕೊನೇಪುಟ, ನನ್ನದೂ ಬರೆದಿಟ್ಟಿದೀಯಾ?" ಅಂದ. ಚಿಕ್ಕಮಾವ ನಗಲಿಲ್ಲ.

ಮೌಸ್ ಹಿಡಿಯುವುದು ಹೇಳಿಕೊಟ್ಟೆ. ದೊಡ್ಡಮಾವ ಮನೆಯೊಳಗೆ ಕಾಲಿಟ್ಟ. ಮೊದಲ ಐದು ನಿಮಿಷ ಮಗುವಿನ ಹಾಗಾಗಿಬಿಟ್ಟ. ಅಂಗಡಿಯ ಗಾಜು ನೋಡಿ ನಕ್ಕ. "ಈ ಸ್ಟೂಲ್ ಮೇಲಿಂದ ನಾನು ಬಿದ್ದದ್ದು, ನೋಡಿಲ್ಲಿ," ಅಂತ ಗದ್ದದ ಕಲೆ ತೋರಿಸಿದ. ಮೆಟ್ಟಿಲು ಹತ್ತುತ್ತ ಎಣಿಸಿ, "ಹನ್ನೊಂದಲ್ಲ, ಹನ್ನೆರಡು! ಕೊನೇಪುಟಕ್ಕೆ ಲೆಕ್ಕ ಬರಲ್ಲ," ಅಂದ. ದೊರೆ ತಕ್ಷಣ ಬರೆದುಕೊಂಡ.

ಆಗ ಕುಟಕ್ ಅಂದಿತು. ನಾನು ಅದನ್ನು ಮರೆತೇ ಬಿಟ್ಟಿದ್ದೆ.

ದೊಡ್ಡಮಾವನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಎರಡನೆಯದು. ಮೂರನೆಯದು. ಕುತ್ತಿಗೆಯ ನರ ಉಬ್ಬಿತು. ನಾನು ಆಫ್ ಮಾಡಲು ಹೋದರೆ ಕೈ ಅಡ್ಡ ಹಿಡಿದು ತಡೆದ. "ಇರ್ಲಿ ಬಿಡು. ಒಳ್ಳೇದೇ ಮಾಡಿದೀರಿ, ಅವನನ್ನ ದೆವ್ವ ಮಾಡಿ. ನನ್ನ ಪಾಲಿಗೆ ಅವನು ಬದುಕಿದ್ದಾಗಲೇ ಅದೇ ಆಗಿದ್ದ," ಅಂದ.

ಮೂಲೆಯಲ್ಲಿ ಚಿಕ್ಕಮಾವ ಟೀ ಲೋಟ ಕೆಳಗಿಟ್ಟ. ಒಂದು ಖಾಲಿ ಕಾರ್ಡು ಎಳೆದುಕೊಂಡು ಬರೆಯತೊಡಗಿದ. ತಡವರಿಸಲಿಲ್ಲ, ಹೊಡೆದುಹಾಕಲಿಲ್ಲ. ಐವತ್ತೆಂಟು ವರ್ಷದಿಂದ ಬಾಯಿಪಾಠ ಮಾಡಿಕೊಂಡದ್ದನ್ನು ಇಳಿಸುವ ಹಾಗೆ ಬರೆದ. ಎದ್ದು ಬಂದು ಅಣ್ಣನ ಮುಂದೆ ಇಟ್ಟ. ಆ ಕಾರ್ಡು ಈಗ ನನ್ನ ಹತ್ತಿರ ಇದೆ.

"ಕಿರಿಯ ಮಗ. ವಯಸ್ಸು ಆರು.

ಮನೆಯಿಂದ ಹೊರಡುವಾಗ ಏನು ಮರೆತ? ಅಣ್ಣನನ್ನು. ಅಡಗಿದ್ದ ಜಾಗ ಕಂಡುಹಿಡಿದು, ಗೆದ್ದೆ ಅಂತ ಮನಸ್ಸಲ್ಲೇ ಅಂದುಕೊಂಡು ತಮಾಷೆಗೆ ಚಿಲಕ ಹಾಕಿದ. ಅಷ್ಟರಲ್ಲಿ ಸೈಕಲ್ ಮೇಲೆ ಕೂರಿಸಿಕೊಂಡು ಹೋಗಲು ಚಿಕ್ಕಪ್ಪ ಕರೆದ. ಮದುವೆಮನೆಯಲ್ಲಿ ಒಂದು ಕೆಂಪು ಬಲೂನು ಕೊಟ್ಟರು. ಎಲ್ಲ ಮರೆಯಿತು.

ಯಾವ ಶಬ್ದ? ಕುಟಕ್. ಸಂಜೆ ಅಪ್ಪ ಏಳು ಕೋಣೆಯ ಚಿಲಕ ತೆಗೆದು ತೆಗೆದು ನೋಡಿದ. ಇವನು ಬಲೂನು ಹಿಡಿದುಕೊಂಡು ಅಪ್ಪನ ಹಿಂದೆಯೇ ಇದ್ದ. ಎಂಟನೆಯದರಲ್ಲಿ ಇದ್ದಾನೆ ಎಂದು ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಯಾವುದಕ್ಕೆ ಹೆದರಿದ? ಯಾರು ಹಾಕಿದ್ದು ಎಂದು ಕೇಳುತ್ತಾರೆ ಅಂತ. ಕೇಳಿದರು. ಅಪ್ಪ ನಾನೇ ಅಂದ."

ದೊಡ್ಡಮಾವ ಎರಡು ಸಲ ಓದಿದ. ಅವನು ಕೈ ಎತ್ತುತ್ತಾನೆ ಅಂತಲೇ ನಾನು ಅಂದುಕೊಂಡೆ. ಆದರೆ ಅವನ ಬೆರಳು ಕಾರ್ಡಿನ ನಡುವೆ ಒಂದು ಕಡೆ ನಿಂತಿತ್ತು.

"ತೆಗೆದು ತೆಗೆದು ನೋಡಿದ್ನಾ? ಹಾಕ್ತಾ ಇದ್ದದ್ದಲ್ವಾ?"

"ಅಲ್ಲ. ತೆಗೀತಾ ಇದ್ದ. ಅಮ್ಮ ಬೀದೀಲಿ ಅವರಿವರನ್ನ ಕೇಳ್ತಿದ್ಲು. ಅಪ್ಪ ಒಳಗೆ ಹುಡುಕ್ತಿದ್ದ."

"ನಾನು ಒಳಗಿಂದ ಕೇಳಿಸ್ಕೊಂಡೆ. ಏಳು ಸಲ. ದಿನದ ಹಾಗೆ ಸಂಜೆ ಸುತ್ತು ಬಂದಿದಾನೆ, ನಾನು ಇಲ್ಲ ಅನ್ನೋದೂ ಅವನಿಗೆ ಗೊತ್ತಿಲ್ಲ ಅಂದ್ಕೊಂಡೆ. ನಂಗೆ ದನಿ ಇರ್ಲಿಲ್ಲ. ಒಂದು ಡಬ್ಬಿ ಒದ್ದೆ. ಆ ಶಬ್ದಕ್ಕೇ ತೆಗೆದ ಅಂತ..." ಅಂದ ದೊಡ್ಡಮಾವ. ಚಿಲಕ ಹಾಕಿದರೂ ಕುಟಕ್, ತೆಗೆದರೂ ಕುಟಕ್. ಕತ್ತಲಲ್ಲಿ ಕೂತ ಹತ್ತು ವರ್ಷದ ಹುಡುಗನಿಗೆ ಎರಡೂ ಒಂದೇ.

ಕಾರ್ಡನ್ನು ಮಗುಚಿಟ್ಟು ಕೇಳಿದ. "ಅಪ್ಪನಿಗೆ ಹೇಳಿದ್ಯಾ?"

"ಇಲ್ಲ."

"ಕಡೇವರೆಗೂ?"

"ಇಲ್ಲ. ತಾನೇ ಹಾಕಿದ್ದು ಅಂತಲೇ ಹೋದ."

ದೊಡ್ಡಮಾವ ಎದ್ದ. ಅಡ್ಡ ಇಟ್ಟಿದ್ದ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಮೆಟ್ಟಿಲು ಇಳಿದು ಹೋದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಚಿಕ್ಕಮಾವ ತನ್ನ ಮೇಜಿಗೆ ಹೋಗಿ ಕಾರ್ಡುಗಳನ್ನು ನೀಟಾಗಿ ಜೋಡಿಸಿದ. "ಸಾವಿನ ಮನೇಲಿ ಎಲ್ಲರ ಬಾಯೂ ಬಿಡಿಸ್ದೆ ನಾನು. ನನ್ನ ಬಾಯಿ ಮಾತ್ರ..." ಅಂದವನು ಅತ್ತುಬಿಟ್ಟ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ಅವನ ಮೇಲೆ ಸಿಟ್ಟೂ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆರು ವರ್ಷದ ಹುಡುಗನನ್ನು ಕ್ಷಮಿಸಬಹುದು. ಇಪ್ಪತ್ತರಲ್ಲಿ, ಮೂವತ್ತರಲ್ಲಿ, ತಾತ ಮಲಗಿದ್ದಲ್ಲಿಂದಲೇ ಬಾಗಿಲ ಕಡೆ ನೋಡುತ್ತಿದ್ದ ಆ ಎಂಟು ದಿನದಲ್ಲಿ ಯಾಕೆ ಹೇಳಲಿಲ್ಲ? ಕೇಳಿದೆ ಕೂಡ. "ಒಂದೊಂದು ವರ್ಷಾನೂ ಹಿಂದಿನ ವರ್ಷಕ್ಕಿಂತ ಕಷ್ಟ ಆಗ್ತಾ ಹೋಯ್ತು," ಅಂದ. ಅದಕ್ಕಿಂತ ನಿಜವಾದ ಉತ್ತರ ಇರಲಾರದು.

ಆ ದಿನದಿಂದ ದೊಡ್ಡಮಾವ ಫೋನ್ ಎತ್ತಲಿಲ್ಲ. ಅಮ್ಮ ಇಬ್ಬರು ಅಣ್ಣತಮ್ಮಂದಿರನ್ನೂ ಬೈದು, ಅತ್ತು, ಮತ್ತೆ ಬೈದಳು. ಉಪ್ಪಿನ ಡಬ್ಬಿಯ ಚೀಟಿಯನ್ನು ಕಿತ್ತುಹಾಕಿದಳು, ಮಾರನೇ ದಿನ ಅವಳೇ ಅಂಟಿಸಿದಳು. ದೊರೆ ನಾಲ್ಕು ದಿನ ಯೋಚಿಸಿ, "ತಂದೆ ವಿಲನ್ ಅಲ್ಲ ಅಂದ್ರೆ ನನ್ನ ಗೇಮ್‌ನಲ್ಲಿ ದೆವ್ವಾನೇ ಇಲ್ವಲ್ಲ ಅಂಕಲ್," ಅಂತ ಪೇಚಾಡಿದ. ಆಮೇಲೆ ಅವನೇ, "ಇರ್ಲಿ. ನಿಮ್ಮಣ್ಣ ಮತ್ತೆ ಬರೋವರೆಗೂ ತಂದೆಯ ಕಾರ್ಡ್ ಖಾಲಿ ಇರ್ಲಿ," ಅಂದ. ಹುಡುಗ ಒಳ್ಳೆಯವನು ಅಂತ ಮೊದಲೇ ಹೇಳಿದ್ದೇನೆ. ಕಿರಿಯ ಮಗನ ಕಾರ್ಡನ್ನು ಅಕ್ಷರ ಬದಲಿಸದೆ ಗೇಮ್‌ಗೆ ಹಾಕಿದೆವು. ಚಿಕ್ಕಮಾವ ದಿನಾ ಒಂಬತ್ತೂವರೆಗೆ ಬಂದು, ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು, ಎದುರಿಗೆ ಖಾಲಿ ಕಾರ್ಡು ಇಟ್ಟುಕೊಂಡು ಕೂರುತ್ತಿದ್ದ. ಟೈಲರ್ ಅಂಗಡಿಯ ಮಷೀನಿನ ಸದ್ದೆಲ್ಲ ಒಳಗೆ ಬರುತ್ತಿತ್ತು, ಯಾರೂ ಮುಚ್ಚು ಅನ್ನಲಿಲ್ಲ.

ಮೂರೂವರೆ ವಾರ ಆದಮೇಲೆ ಒಂದು ಬೆಳಿಗ್ಗೆ ದೊಡ್ಡಮಾವ ಬಂದ. ಗಡ್ಡ ಬೆಳೆದಿತ್ತು. ತೆರೆದಿಟ್ಟ ಬಾಗಿಲು ನೋಡಿದ, ಅಡ್ಡ ಇಟ್ಟ ಕುರ್ಚಿ ನೋಡಿದ. ಆ ಕುರ್ಚಿಯನ್ನೇ ಎತ್ತಿಕೊಂಡು ಬಂದು ತಮ್ಮನ ಮೇಜಿನ ಎದುರಿಗೆ ಹಾಕಿಕೊಂಡು ಕೂತ. ಹಿಂದೆ ಬಾಗಿಲು ಮುಚ್ಚಿಕೊಂಡಿತು. ಒಮ್ಮೆ ತಿರುಗಿ ನೋಡಿದನೇ ಹೊರತು ಏಳಲಿಲ್ಲ.

"ಮುಂಡೇದೇ," ಅಂದ ತಮ್ಮನಿಗೆ. "ನಿನ್ನ ಜೊತೆ ಮಾತಿಲ್ಲ ಅಂತಲೇ ಇದ್ದೆ. ಒಬ್ಬನ ಜೊತೆ ಮಾತು ಬಿಟ್ಟದ್ದೇ ಸಾಕಾಯ್ತು. ಪೆನ್ನು ತಗೋ. ಅಪ್ಪಂದು ನಾನು ಹೇಳ್ತೀನಿ."

ಚಿಕ್ಕಮಾವ ಪೆನ್ನಿನ ಟೋಪಿ ತೆಗೆದ. ಮೂವತ್ತೊಂದು ವರ್ಷ ಸಾವಿನ ಮನೆಗಳಲ್ಲಿ ಕೂತವನ ದನಿ ತಾನಾಗಿ ಬಂತು, ಮೆತ್ತಗೆ, ಗುರುತಿಲ್ಲದವರನ್ನು ಕೇಳುವ ಹಾಗೆ. "ಮನೆಯಿಂದ ಹೊರಡುವಾಗ ಏನು ಮರೀತಿದ್ರು?"

"ಏನೂ ಮರೀತಿರ್ಲಿಲ್ಲ. ಆ ಒಂದು ದಿನ ಮಾತ್ರ ನನ್ನ ತಲೆ ಎಣಿಸೋದು ಮರೆತ. ಆಮೇಲೆ ಅದನ್ನ ಒಂದು ದಿನಾನೂ ಮರೀಲಿಲ್ಲ ಅಂತ ಬರಿ."

"ಯಾವ ಶಬ್ದ ಕೇಳಿದ್ರೆ ಅವರು ಬಂದ್ರು ಅಂತ ಗೊತ್ತಾಗ್ತಿತ್ತು?"

"ಕುಟಕ್. ಅದು ಹಾಕೋದಲ್ಲ, ತೆಗೆಯೋದು ಅಂತ ಸರಿಯಾಗಿ ಬರಿ. ಓದೋರಿಗೆ ಅನುಮಾನ ಬರಬಾರದು."

ಚಿಕ್ಕಮಾವ ಬರೆದ. ಕೆಳಗೆ ಟೈಲರ್ ಮಷೀನು ನಿಂತಿತ್ತು. ಮೂರನೆಯ ಪ್ರಶ್ನೆಯನ್ನು ಅವನಿಂದ ಕೇಳಲಾಗಲಿಲ್ಲ. ದೊಡ್ಡಮಾವನಿಗೆ ಆ ಪ್ರಶ್ನೆ ಗೊತ್ತಿತ್ತು, ನಮ್ಮ ಮನೆಯವರಿಗೆಲ್ಲ ಗೊತ್ತು. ಅವನೇ ಕಾರ್ಡಿನ ಮೇಲೆ ಬೆರಳಿಟ್ಟು ಜಾಗ ತೋರಿಸಿದ.

"ಎಂಟನೇದರಲ್ಲೂ ನಾನು ಇಲ್ದೇ ಹೋದ್ರೆ ಅಂತ," ಅಂದ. "ಬರ್ಕೊಂಡ್ಯಾ?"

"ಬರ್ಕೊಂಡೆ ಅಣ್ಣ," ಅಂದ ಚಿಕ್ಕಮಾವ.